-911 ಬಿದ್ದದ್ದು ಒಬ್ಬರ ಮೇಲೆ, ಲಾಕ್ ಹಿಡಿದು ಕೂತವರು ಇನ್ನೊಬ್ಬರು

ಪ್ರಶ್ನೆ: ನಾನು ಕೋಬಾಲ್ ಪ್ರೋಗ್ರಾಮರ್. ನಮ್ಮದು ಮೇನ್‌ಫ್ರೇಮ್‌ನ ಝಡ್‌ಓಎಸ್ ಮೇಲಿನ ಡಿಬಿ2 ಡೇಟಾಬೇಸ್. ರಾತ್ರಿ ಓಡುವ ಒಂದು ಬ್ಯಾಚ್ ಜಾಬ್ ಬಾಕಿ ಉಳಿದ ಎಂಟ್ರಿಗಳನ್ನು ಹುಡುಕಿ ಖಾತೆಗಳಿಗೆ ಹಾಕುತ್ತದೆ. ಮೊದಲು ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿದ್ದದ್ದು ಈಗ ಎರಡು ಗಂಟೆ ಹಿಡಿಯುತ್ತಿದೆ. ಎಸ್‌ಕ್ಯೂಎಲ್‌ನ ಒಂದಕ್ಷರವೂ ಬದಲಾಗಿಲ್ಲ. ಅದು ಓಡುವಾಗ ಸಿಐಸಿಎಸ್ ಆನ್‌ಲೈನ್ ಟ್ರಾನ್ಸಾಕ್ಷನ್‌ಗಳಿಗೆ -911 ಬರುತ್ತದೆ, ಅಂದರೆ ಲಾಕ್ ಸಿಗದೆ ಕೆಲಸ ರದ್ದಾಯಿತು ಎಂಬ ಎರರ್ ಕೋಡ್. ಹೆಚ್ಚಿನ ಸಲ ರೀಸನ್ ಕೋಡ್ 00ಸಿ9008ಇ (ಟೈಮ್‌ಔಟ್), ಆಗೊಮ್ಮೆ ಈಗೊಮ್ಮೆ 00ಸಿ90088 (ಡೆಡ್‌ಲಾಕ್). ತಿಂಗಳ ಕೊನೆಯಲ್ಲಿ ಬ್ಯಾಚ್ ಜಾಬೇ -904 (ಬೇಕಾದ ಸಂಪನ್ಮೂಲ ಸಿಗಲಿಲ್ಲ) ಬಂದು ಬೀಳುತ್ತದೆ. ಜಾಬ್‌ನಲ್ಲಿ ಕಮಿಟ್ (ಬದಲಾವಣೆಗಳನ್ನು ಖಾಯಂ ಮಾಡುವ ಆದೇಶ) ಇರುವುದು ಕೊನೆಯಲ್ಲಿ, ಒಂದೇ ಒಂದು. ಟೇಬಲ್‌ಸ್ಪೇಸ್‌ಗೆ (ಟೇಬಲ್‌ನ ಡೇಟಾ ಇರುವ ಜಾಗ) ಲಾಕ್‌ಸೈಜ್ ಪೇಜ್, ಲಾಕ್‌ಮ್ಯಾಕ್ಸ್ 0 ಇದೆ. ಟೈಮ್‌ಔಟ್ ಹೆಚ್ಚಿಸಿ ಅಂತ ಒಬ್ಬರು ಹೇಳುತ್ತಾರೆ. ಎಲ್ಲ ಸೆಲೆಕ್ಟ್‌ಗೂ ವಿತ್ ಯುಆರ್ (ಲಾಕ್‌ಗೆ ಕಾಯದೆ ಓದುವ ಆಯ್ಕೆ) ಹಾಕಿ ಅಂತ ಇನ್ನೊಬ್ಬರು, ರೋ ಲಾಕಿಂಗ್‌ಗೆ (ಸಾಲಿಗೊಂದು ಲಾಕ್) ಹೋಗಿ ಅಂತ ಮತ್ತೊಬ್ಬರು. ಇದರ ಜೊತೆಗೆ ಬೆಳಗಿನ ಜಾವದ ಆನ್‌ಲೈನ್ ರೀಆರ್ಗ್ (ಡೇಟಾವನ್ನು ಮರುಜೋಡಿಸುವ ಯುಟಿಲಿಟಿ) ಕೂಡ ಕೊನೆಯ ಹಂತದಲ್ಲಿ ಸೋಲುತ್ತಿದೆ. ಆ ಹೊತ್ತಿಗೆ ಬ್ಯಾಚ್ ಮುಗಿದಿರುತ್ತದೆ, ವಿತ್ ಯುಆರ್ ಹಾಕಿದ ಒಂದು ರಿಪೋರ್ಟ್ ಮಾತ್ರ ಓಡುತ್ತಿರುತ್ತದೆ. ಲಾಕೇ ಇಲ್ಲದ ಕಡೆ ಅಡ್ಡಿ ಎಲ್ಲಿಂದ ಬಂತು?

ಉತ್ತರ: ನೀವು ಬರೆದ ದೂರು ಐದು. ಜಾಬ್ ನಿಧಾನವಾಗಿದೆ, ಟೈಮ್‌ಔಟ್ ಬರುತ್ತಿದೆ, ಡೆಡ್‌ಲಾಕ್ ಆಗುತ್ತಿದೆ, -904 ಬೀಳುತ್ತಿದೆ, ರೀಆರ್ಗ್ ಸೋಲುತ್ತಿದೆ. ಮೊದಲ ನಾಲ್ಕರ ಬೇರು ಹೆಚ್ಚಾಗಿ ಎರಡೇ ಕಡೆ ಇದೆ ಎಂದು ನನ್ನ ಅಂದಾಜು: ಬ್ಯಾಚ್ ಜಾಬ್ ಕಮಿಟ್ ಮಾಡುವುದಿಲ್ಲ, ಮತ್ತು ಅದರ ಆಕ್ಸೆಸ್ ಪಾತ್, ಅಂದರೆ ಡೇಟಾ ತಲುಪಲು ಡಿಬಿ2 ಆರಿಸಿದ ದಾರಿ, ಕೆಟ್ಟಿದೆ. ಐದನೆಯದು ಬೇರೆ ಕಥೆ, ಕೊನೆಗೆ ಬರುತ್ತೇನೆ. ನಿಮ್ಮ ಸಹೋದ್ಯೋಗಿಗಳ ಮೂರು ಸಲಹೆಗಳಿಗೂ ಅವುಗಳದೇ ಜಾಗ ಇದೆ, ಆದರೆ ನಿಮ್ಮ ಈ ತೊಂದರೆಗೆ ಒಂದೂ ಮದ್ದಲ್ಲ. ರೋ ಲಾಕಿಂಗ್ ಅಂತೂ ತಿಂಗಳ ಕೊನೆಯ -904 ಅನ್ನು ದಿನವೂ ಬರುವ ಹಾಗೆ ಮಾಡೀತು.

-911 ಬಂದ ಕೂಡಲೇ ಆ ಕೋಡ್ ಬಂದ ಪ್ರೋಗ್ರಾಮನ್ನೇ ತೆರೆದು ವಾರಗಟ್ಟಲೆ ಹುಡುಕುವ ತಂಡಗಳನ್ನು ತುಂಬಾ ನೋಡಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಟೈಮ್‌ಔಟ್ ಆದ ಟ್ರಾನ್ಸಾಕ್ಷನ್ ಸಾಮಾನ್ಯವಾಗಿ ಏನೂ ತಪ್ಪು ಮಾಡಿರುವುದಿಲ್ಲ. ತನ್ನ ಪೇಜ್‌ಗಾಗಿ ಕಾಯುತ್ತಾ ನಿಂತಿತ್ತು, ಕಾಯುವ ಅವಧಿ ಮುಗಿಯಿತು, ಅಷ್ಟೆ. ಯಾರು ಹಿಡಿದುಕೊಂಡಿದ್ದರು ಎನ್ನುವುದೇ ಮೊದಲ ಪ್ರಶ್ನೆ. ಅದರ ಉತ್ತರ ಪ್ರೋಗ್ರಾಮ್‌ನಲ್ಲಿ ಸಿಗುವುದಿಲ್ಲ, ಡಿಬಿ2ನ ಎಂಎಸ್‌ಟಿಆರ್ ಅಡ್ರೆಸ್ ಸ್ಪೇಸ್‌ನ (ಅದರ ಮುಖ್ಯ ಪ್ರಕ್ರಿಯೆಯ) ಲಾಗ್‌ನಲ್ಲಿ ಸಿಗುತ್ತದೆ.

ಯಾರು ಹಿಡಿದಿದ್ದಾರೆ, ಏನನ್ನು ಹಿಡಿದಿದ್ದಾರೆ

ಟೈಮ್‌ಔಟ್ ಆದಾಗ ಅಲ್ಲಿ ಡಿಎಸ್‌ಎನ್‌ಟಿ376ಐ ಎಂಬ ಸಂದೇಶ ಬಿದ್ದಿರುತ್ತದೆ. ಡೆಡ್‌ಲಾಕ್ ಆದರೆ ಡಿಎಸ್‌ಎನ್‌ಟಿ375ಐ. ಎರಡರಲ್ಲೂ ಎರಡು ಹೆಸರು ಇರುತ್ತವೆ: ಬಿದ್ದವರ ಪ್ಲಾನ್ ಮತ್ತು ಕೋರಿಲೇಷನ್ ಐಡಿ, ಲಾಕ್ ಹಿಡಿದವರ ಪ್ಲಾನ್ ಮತ್ತು ಕೋರಿಲೇಷನ್ ಐಡಿ. ಬ್ಯಾಚ್ ಆಗಿದ್ದರೆ ಕೋರಿಲೇಷನ್ ಐಡಿ ಅಂದರೆ ಜಾಬ್‌ನ ಹೆಸರೇ. ಒಂದು ಎಚ್ಚರಿಕೆ ಇದೆ. ಒಂದೇ ಪೇಜನ್ನು ಹಲವರು ಹಂಚಿಕೊಂಡು ಹಿಡಿದಿದ್ದರೂ ಸಂದೇಶದಲ್ಲಿ ಒಬ್ಬರ ಹೆಸರು ಮಾತ್ರ ಬರುತ್ತದೆ. ಆದ್ದರಿಂದ ಒಂದು ಸಂದೇಶ ನೋಡಿ ತೀರ್ಪು ಕೊಡಬೇಡಿ. ಒಂದು ವಾರದ್ದನ್ನು ಒಟ್ಟು ಹಾಕಿ, ಯಾವ ಹೆಸರು ಮತ್ತೆ ಮತ್ತೆ ಬರುತ್ತದೆ ನೋಡಿ. ಟ್ರೇಸ್ ಹಾಕುವ ಅನುಮತಿ ಇದ್ದರೆ ಡೆಡ್‌ಲಾಕ್‌ಗೆ ಐಎಫ್‌ಸಿಐಡಿ (ಟ್ರೇಸ್ ದಾಖಲೆಯ ಸಂಖ್ಯೆ) 172, ಟೈಮ್‌ಔಟ್‌ಗೆ 196 ಇನ್ನೂ ವಿವರವಾಗಿ ಹೇಳುತ್ತವೆ.

ಅದರ ಜೊತೆಗೇ ಬರುವ ಡಿಎಸ್‌ಎನ್‌ಟಿ501ಐ ಸಂದೇಶದಲ್ಲಿ ರಿಸೋರ್ಸ್ ಟೈಪ್ ಎಂಬ ಸಂಖ್ಯೆ ಇರುತ್ತದೆ. ತುಂಬಾ ಜನ ಅದನ್ನು ಓದದೆ ಬಿಡುತ್ತಾರೆ, ನನಗೆ ಮಾತ್ರ ಅದು ಬಹಳ ಮುಖ್ಯ. 00000302 ಅಂದರೆ ಜಗಳ ಒಂದು ಪೇಜ್‌ನ ಮೇಲೆ. 00000304 ಅಂದರೆ ಒಂದು ಸಾಲಿನ ಮೇಲೆ. 00000200 ಬಂದರೆ ಇಡೀ ಟೇಬಲ್‌ಸ್ಪೇಸ್, 00000210 ಬಂದರೆ ಪಾರ್ಟಿಷನ್. ಪೇಜ್ ಲಾಕಿಂಗ್ ಇರುವ ಟೇಬಲ್‌ಸ್ಪೇಸ್ ಮೇಲೆ 200 ಅಥವಾ 210 ಕಂಡರೆ ಯಾರೋ ಲಾಕ್ ಟೇಬಲ್ ಕೊಟ್ಟಿದ್ದಾರೆ, ಅಥವಾ ಲಾಕ್ ಎಸ್ಕಲೇಷನ್ (ಚಿಕ್ಕ ಲಾಕ್‌ಗಳು ಒಂದು ದೊಡ್ಡ ಲಾಕ್‌ಗೆ ಏರುವುದು) ಆಗಿದೆ, ಇಲ್ಲವೇ ಯಾವುದೋ ಯುಟಿಲಿಟಿ ನಡುವೆ ಬಂದಿದೆ ಎಂದು ಅರ್ಥ. ಎಸ್ಕಲೇಷನ್ ಆಗಿದ್ದರೆ ಅದಕ್ಕೂ ಡಿಎಸ್‌ಎನ್‌ಐ031ಐ ಎಂಬ ಸಂದೇಶ ಅಲ್ಲೇ ಇರುತ್ತದೆ. ನಿಮ್ಮಲ್ಲಿ ಲಾಕ್‌ಮ್ಯಾಕ್ಸ್ 0 ಇರುವುದರಿಂದ ಎಸ್ಕಲೇಷನ್ ನಡೆಯುವುದಿಲ್ಲ. ಹಾಗಾಗಿ 302 ಸಿಗಬೇಕು ಎಂದು ನನ್ನ ನಿರೀಕ್ಷೆ.

ಡಿಸ್‌ಪ್ಲೇ ಡೇಟಾಬೇಸ್ ಕಮಾಂಡ್‌ಗೆ ಲಾಕ್ಸ್ ಆಯ್ಕೆ ಕೊಟ್ಟು ನೋಡಿದೆವು, ಅಲ್ಲಿ ಏನೂ ಕಾಣಲಿಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಟೇಬಲ್, ಟೇಬಲ್‌ಸ್ಪೇಸ್, ಪಾರ್ಟಿಷನ್ ಮಟ್ಟದ ಲಾಕ್‌ಗಳನ್ನು ಮಾತ್ರ ತೋರಿಸುತ್ತದೆ. ಪೇಜ್ ಮತ್ತು ರೋ ಲಾಕ್‌ಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಕೊನೆಯಲ್ಲಿ ಒಂದೇ ಕಮಿಟ್ ಅಂದರೆ

ನಿಮ್ಮ ಜಾಬ್ ಒಂದು ಪೇಜ್‌ನಲ್ಲಿ ಒಂದೇ ಒಂದು ಸಾಲನ್ನು ಬದಲಾಯಿಸಿದರೂ ಆ ಪೇಜ್ ಮೇಲೆ ಎಕ್ಸ್ ಲಾಕ್ (ಬೇರೆಯವರಿಗೆ ಬಿಡದ ಲಾಕ್) ಬೀಳುತ್ತದೆ, ಕಮಿಟ್ ಆಗುವವರೆಗೂ ಬಿಡುವುದಿಲ್ಲ. ಜಾಬ್ ಮುಂದೆ ಸಾಗಿದಂತೆ ಹಿಂದೆ ಬಿಟ್ಟು ಬಂದ ಪೇಜ್‌ಗಳೆಲ್ಲ ಬೀಗ ಹಾಕಿಕೊಂಡೇ ಇರುತ್ತವೆ. ಮೊದಲ ನಿಮಿಷದಲ್ಲಿ ಮುಟ್ಟಿದ ಖಾತೆಗೆ ಎರಡು ಗಂಟೆಯ ನಂತರವೂ ಆನ್‌ಲೈನ್‌ನಿಂದ ಕೈ ಹಾಕಲಾಗುವುದಿಲ್ಲ. ಆ ಪೇಜ್‌ನಲ್ಲೇ ಇರುವ, ಜಾಬ್ ಮುಟ್ಟದ ಬೇರೆ ಖಾತೆಗಳ ಗತಿಯೂ ಅದೇ.

ಇಷ್ಟು ಎಲ್ಲರಿಗೂ ಗೊತ್ತು. ಕಡಿಮೆ ಜನರ ಗಮನಕ್ಕೆ ಬರುವ ಇನ್ನೊಂದು ಹಾನಿ ಇದೆ. ಓದುವವರಿಗೆ ಪ್ರತಿ ಪೇಜ್‌ಗೂ ಲಾಕ್ ಬೇಕು ಎಂದೇನೂ ಇಲ್ಲ. ಪ್ರತಿ ಪೇಜ್ ತಾನು ಕೊನೆಯ ಸಲ ಬದಲಾದದ್ದು ಲಾಗ್‌ನ ಯಾವ ಬಿಂದುವಿನಲ್ಲಿ ಎಂಬುದನ್ನು ತನ್ನ ತಲೆಯ ಮೇಲೆ ಬರೆದುಕೊಂಡಿರುತ್ತದೆ. ಇನ್ನೂ ಕಮಿಟ್ ಆಗದ ಅತಿ ಹಳೆಯ ಕೆಲಸ ಶುರುವಾದ ಬಿಂದು ಯಾವುದು ಎನ್ನುವುದೂ ಡಿಬಿ2ಗೆ ಗೊತ್ತಿರುತ್ತದೆ. ಪೇಜ್ ಬದಲಾದದ್ದು ಅದಕ್ಕೂ ಮುಂಚೆ ಆಗಿದ್ದರೆ ಅದರಲ್ಲಿರುವುದೆಲ್ಲ ಕಮಿಟ್ ಆದದ್ದೇ, ಲಾಕ್ ಕೇಳದೆ ಓದಬಹುದು. ಇದನ್ನೇ ಲಾಕ್ ಅವಾಯ್ಡೆನ್ಸ್ ಅನ್ನುತ್ತಾರೆ. ಐಸೊಲೇಷನ್ ಸಿಎಸ್, ಕರೆಂಟ್‌ಡೇಟಾ ನೋ ಎಂದು ಬೈಂಡ್ ಆದ ಪ್ಯಾಕೇಜ್‌ಗಳಿಗೆ (ಪ್ರೋಗ್ರಾಮ್‌ನ ಎಸ್‌ಕ್ಯೂಎಲ್ ಅನ್ನು ಮೊದಲೇ ಸಿದ್ಧಪಡಿಸಿಟ್ಟ ರೂಪ) ಇದರ ಲಾಭ ಚೆನ್ನಾಗಿ ಸಿಗುತ್ತದೆ. ಈಗ ನಿಮ್ಮ ಜಾಬ್ ಎರಡು ಗಂಟೆ ಕಮಿಟ್ ಮಾಡದೆ ಓಡುತ್ತದೆ ಎಂದುಕೊಳ್ಳಿ. ಆ ಹಳೆಯ ಬಿಂದು ಎರಡು ಗಂಟೆ ಹಿಂದೆಯೇ ಗೂಟ ಹೊಡೆದ ಹಾಗೆ ನಿಂತುಬಿಡುತ್ತದೆ. ಆ ನಂತರ ಯಾರು ಯಾವ ಪೇಜ್ ಬದಲಾಯಿಸಿ ಕಮಿಟ್ ಮಾಡಿದ್ದರೂ ಪೇಜ್ ಮಟ್ಟದ ಈ ಸುಲಭ ಪರೀಕ್ಷೆ ಪಾಸಾಗುವುದಿಲ್ಲ. ಡಿಬಿ2 ಸಾಲು ಸಾಲಾಗಿ ಗುರುತು ನೋಡಬೇಕು, ಅಲ್ಲೂ ಖಚಿತವಾಗದಿದ್ದರೆ ಲಾಕ್ ಕೇಳಬೇಕು. ಅಂದರೆ ನಿಮ್ಮ ಜಾಬ್‌ಗೆ ಸಂಬಂಧವೇ ಇಲ್ಲದ ಸೆಲೆಕ್ಟ್‌ಗಳೂ ಹೆಚ್ಚು ಲಾಕ್ ಕೇಳತೊಡಗುತ್ತವೆ, ಸಿಪಿಯು ತಿನ್ನುತ್ತವೆ, ಕಾಯುತ್ತವೆ. ಡೇಟಾ ಶೇರಿಂಗ್ ಗುಂಪಿನಲ್ಲಿದ್ದರೆ (ಹಲವು ಡಿಬಿ2ಗಳು ಒಂದೇ ಡೇಟಾ ಹಂಚಿಕೊಳ್ಳುವುದು) ಇದು ಒಂದು ಮೆಂಬರ್‌ಗೆ ಮಾತ್ರ ಸೀಮಿತವಾಗಿಯೂ ಉಳಿಯದು.

ಮೂರನೆಯದು, ಜಾಬ್ ಅರ್ಧದಲ್ಲಿ ಬಿದ್ದರೆ. ಎರಡು ಗಂಟೆಯ ಕೆಲಸವನ್ನು ಲಾಗ್ ಓದಿ ಹಿಂದಕ್ಕೆ ತಿರುಗಿಸಬೇಕು. ರೋಲ್‌ಬ್ಯಾಕ್ ಮುಗಿಯುವವರೆಗೆ ಲಾಕ್‌ಗಳು ಹಾಗೇ ಇರುತ್ತವೆ. ಆನ್‌ಲೈನ್ ನಿಂತಿದೆ ಎಂದು ಆಪರೇಟರ್ ಜಾಬ್ ಕ್ಯಾನ್ಸಲ್ ಮಾಡಿ, ಆಮೇಲೂ ಗಂಟೆಗಟ್ಟಲೆ ಏನೂ ಸರಿಯಾಗದೆ ಎಲ್ಲರೂ ತಲೆ ಕೆರೆದುಕೊಳ್ಳುವುದು ಇದಕ್ಕೇ. ಹೀಗೆ ಕಮಿಟ್ ಮಾಡದೆ ಓಡುವವರನ್ನು ಹಿಡಿದುಕೊಡಲು ಡಿಬಿ2ನಲ್ಲೇ ಎರಡು ಕಾವಲು ಇವೆ. ಹಲವು ಚೆಕ್‌ಪಾಯಿಂಟ್ ದಾಟಿದರೂ ಕಮಿಟ್ ಆಗದಿದ್ದರೆ ಡಿಎಸ್‌ಎನ್‌ಆರ್035ಐ, ಲಾಗ್ ರೆಕಾರ್ಡ್‌ಗಳು ಮಿತಿ ಮೀರಿದರೆ ಡಿಎಸ್‌ಎನ್‌ಜೆ031ಐ. ಈ ಮಿತಿಗಳನ್ನು ಯುಆರ್‌ಸಿಎಚ್‌ಕೆಟಿಎಚ್, ಯುಆರ್‌ಎಲ್‌ಜಿಡಬ್ಲ್ಯುಟಿಎಚ್ ಎಂಬ ಝಡ್‌ಪಾರ್ಮ್‌ಗಳಲ್ಲಿ (ಡಿಬಿ2ನ ಸಿಸ್ಟಮ್ ಸೆಟ್ಟಿಂಗ್‌ಗಳು) ಇಡುತ್ತಾರೆ. ನಿಮ್ಮಲ್ಲಿ ಅವು ಆನ್ ಆಗಿವೆಯೇ ಎಂದು ಡಿಬಿಎಯನ್ನು ಕೇಳಿ.

-904 ಕೂಡ ಇದೇ ಗಿಡದ ಕೊಂಬೆ. ಅದರ ರೀಸನ್ ಕೋಡ್ ನೀವು ಬರೆದಿಲ್ಲ. 00ಸಿ90096 ಆಗಿದ್ದರೆ ಒಬ್ಬ ಬಳಕೆದಾರ ಏಕಕಾಲಕ್ಕೆ ಹಿಡಿಯಬಹುದಾದ ಲಾಕ್‌ಗಳ ಮಿತಿ, ಅಂದರೆ ಎನ್‌ಯುಎಂಎಲ್‌ಕೆಯುಎಸ್, ದಾಟಿದೆ ಎಂದರ್ಥ. ಲಾಕ್‌ಮ್ಯಾಕ್ಸ್ 0 ಅಂದರೆ ಎಷ್ಟೇ ಪೇಜ್ ಲಾಕ್ ಸೇರಿದರೂ ಇಡೀ ಟೇಬಲ್‌ಸ್ಪೇಸ್ ಲಾಕ್‌ಗೆ ಏರಿಸಬೇಡ ಎಂದು ಹೇಳಿದ ಹಾಗೆ. ಏರಿಸದಿದ್ದರೆ ಅವು ಗುಡ್ಡೆಯಾಗುತ್ತವೆ, ತಿಂಗಳ ಕೊನೆಯಲ್ಲಿ ಎಂಟ್ರಿ ಹೆಚ್ಚಿದಾಗ ಮಿತಿ ಮುಟ್ಟುತ್ತವೆ. ಇಲ್ಲಿ ಲಾಕ್‌ಮ್ಯಾಕ್ಸ್ ಅನ್ನು ಸಿಸ್ಟಮ್ ಎಂದು ಬದಲಾಯಿಸಿದರೆ -904 ಹೋಗುತ್ತದೆ, ನಿಜ. ಆದರೆ ಅದರ ಬದಲು ಎಸ್ಕಲೇಷನ್ ಬರುತ್ತದೆ, ಆನ್‌ಲೈನ್ ಪೂರ್ತಿ ನಿಲ್ಲುತ್ತದೆ. ಎನ್‌ಯುಎಂಎಲ್‌ಕೆಯುಎಸ್ ಹೆಚ್ಚಿಸಿದರೆ ಲಾಕ್‌ಗಳನ್ನು ನಿರ್ವಹಿಸುವ ಐಆರ್‌ಎಲ್‌ಎಂಗೆ ಮೆಮೊರಿ ಹೆಚ್ಚು ಬೇಕು, ಮುಂದಿನ ತ್ರೈಮಾಸಿಕದಲ್ಲಿ ಮತ್ತೆ ಅದೇ ಗೋಡೆ.

ಆದ್ದರಿಂದ ಕಮಿಟ್ ಹಾಕಲೇಬೇಕು. ಎಷ್ಟು ಸಾಲಿಗೊಂದು ಎಂದು ಎಲ್ಲರೂ ಕೇಳುತ್ತಾರೆ. ನಾನು ಸಾಲು ಎಣಿಸುವುದಕ್ಕಿಂತ ಗಡಿಯಾರ ನೋಡಿ ಎನ್ನುತ್ತೇನೆ. ಆನ್‌ಲೈನ್‌ನವರು ಕಾಯುವ ಅವಧಿಗಿಂತ ತುಂಬಾ ಕಡಿಮೆ, ಕೆಲವೇ ಸೆಕೆಂಡಿಗೊಮ್ಮೆ. ಸಂಖ್ಯೆಯನ್ನು ಪ್ರೋಗ್ರಾಮ್‌ನೊಳಗೆ ಹೂಳದೆ ಒಂದು ಕಂಟ್ರೋಲ್ ಟೇಬಲ್ ಅಥವಾ ಪಾರ್ಮ್‌ನಿಂದ ಓದಿಕೊಳ್ಳಿ. ಕಂಪೈಲ್ ಮಾಡದೆ ಬದಲಾಯಿಸುವ ಸೌಲಭ್ಯ ಒಂದು ರಾತ್ರಿ ಖಂಡಿತ ಬೇಕಾಗುತ್ತದೆ.

ಕಮಿಟ್ ಸಾಲು ಸೇರಿಸುವುದು ಐದು ನಿಮಿಷದ ಕೆಲಸ. ಅದರ ಹಿಂದೆ ಬರುವ ರೀಸ್ಟಾರ್ಟ್ ಮಾತ್ರ ನಿಜವಾದ ಕೆಲಸ, ಮತ್ತು ಅಪಾಯ ಇರುವುದೂ ಅಲ್ಲೇ. ಕರ್ಸರ್‌ಗೆ (ಸಾಲುಗಳನ್ನು ಒಂದೊಂದಾಗಿ ಓದುವ ಸಾಧನ) ವಿತ್ ಹೋಲ್ಡ್ ಬೇಕು, ಇಲ್ಲದಿದ್ದರೆ ಮೊದಲ ಕಮಿಟ್‌ಗೇ ಮುಚ್ಚಿಕೊಳ್ಳುತ್ತದೆ. ಕೊನೆಯದಾಗಿ ಮುಗಿಸಿದ ಕೀ ಯಾವುದು ಎಂಬುದನ್ನು ಒಂದು ರೀಸ್ಟಾರ್ಟ್ ಟೇಬಲ್‌ನಲ್ಲಿ ಅದೇ ಕಮಿಟ್‌ನ ಒಳಗೇ ಬರೆಯಬೇಕು. ಬೇರೆ ಕಮಿಟ್‌ನಲ್ಲಿ ಬರೆದರೆ ಎರಡರ ನಡುವೆ ಬಿದ್ದಾಗ ಒಂದು ಎಂಟ್ರಿ ಎರಡು ಸಲ ಹೋಗುತ್ತದೆ, ಇಲ್ಲವೇ ಹೋಗುವುದೇ ಇಲ್ಲ. ಜಾಬ್ ಫ್ಲಾಟ್ ಫೈಲ್‌ಗೂ ಬರೆಯುತ್ತಿದ್ದರೆ ಇನ್ನೂ ಎಚ್ಚರ ಬೇಕು. ಡಿಬಿ2 ರೋಲ್‌ಬ್ಯಾಕ್ ಆದರೂ ಫೈಲ್‌ಗೆ ಬರೆದದ್ದು ಅಲ್ಲೇ ಉಳಿಯುತ್ತದೆ, ಅದನ್ನು ಹಿಂದಕ್ಕೆ ತರುವ ಜವಾಬ್ದಾರಿ ನಿಮ್ಮದು.

ರೀಸ್ಟಾರ್ಟ್ ಕೀ ಎರಡು ಕಾಲಂ ಸೇರಿ ಆಗಿದ್ದರೆ ಅಲ್ಲೊಂದು ಹಳೆಯ ಬಲೆ ಇದೆ. "ಮೊದಲ ಕಾಲಂ ದೊಡ್ಡದು, ಅಥವಾ ಮೊದಲ ಕಾಲಂ ಸಮ ಮತ್ತು ಎರಡನೆಯದು ದೊಡ್ಡದು" ಎಂದು ಬರೆದರೆ ನಡುವಿನ ಆ 'ಅಥವಾ' ಇಂಡೆಕ್ಸ್ ಮ್ಯಾಚಿಂಗ್‌ಗೆ ಅಡ್ಡ ಬರುವ ಸಾಧ್ಯತೆ ಇದೆ. ಇಡೀ ಷರತ್ತಿನ ಮುಂದೆ "ಮೊದಲ ಕಾಲಂ ಸಮ ಅಥವಾ ದೊಡ್ಡದು" ಎಂಬ ಸರಳ ಷರತ್ತನ್ನು ಆ್ಯಂಡ್ ಹಾಕಿ ಸೇರಿಸಿ. ಅರ್ಥ ಬದಲಾಗುವುದಿಲ್ಲ, ಇಂಡೆಕ್ಸ್‌ಗೆ ಹಿಡಿಯಲು ಒಂದು ತುದಿ ಸಿಗುತ್ತದೆ. ಡಿಬಿ2 12ರಿಂದ ಎರಡು ಕಾಲಂಗಳನ್ನು ಒಂದೇ ಬ್ರಾಕೆಟ್‌ನಲ್ಲಿಟ್ಟು ನೇರವಾಗಿ ಹೋಲಿಸಲೂ ಬರುತ್ತದೆ.

ಎಸ್‌ಕ್ಯೂಎಲ್ ಬದಲಾಗದೆ ನಿಧಾನವಾದದ್ದು ಹೇಗೆ

ಇಪ್ಪತ್ತು ನಿಮಿಷದ್ದು ಎರಡು ಗಂಟೆ ಆದದ್ದೇ ಟೈಮ್‌ಔಟ್ ಹೆಚ್ಚಲು ಕಾರಣವೂ ಆಗಿದೆ, ಏಕೆಂದರೆ ಲಾಕ್ ಹಿಡಿದಿರುವ ಹೊತ್ತು ಆರು ಪಟ್ಟಾಯಿತು. ಲಾಕಿಂಗ್ ತೊಂದರೆ ಎಂದು ಬರುವ ಕೇಸ್‌ಗಳಲ್ಲಿ ಒಳಗೆ ಇಂಥದ್ದೊಂದು ಕ್ವೆರಿ ಅಡಗಿರುವುದೇ ಹೆಚ್ಚು.

ಮೊದಲು ಕ್ಯಾಟಲಾಗ್‌ನ ಸಿಸ್‌ಪ್ಯಾಕೇಜ್ ಟೇಬಲ್‌ನಲ್ಲಿ ಈ ಪ್ಯಾಕೇಜ್‌ನ ಬೈಂಡ್‌ಟೈಮ್ ನೋಡಿ. ದಾರಿ ಎರಡಾಗಿ ಒಡೆಯುವುದು ಅಲ್ಲೇ. ಜಾಬ್ ನಿಧಾನವಾದ ಆಸುಪಾಸಿನ ದಿನಾಂಕ ಇದ್ದರೆ ಯಾರೋ ರೀಬೈಂಡ್ ಮಾಡಿದ್ದಾರೆ, ಅಥವಾ ಪ್ಯಾಕೇಜ್ ನಂಬಿಕೊಂಡಿದ್ದ ಇಂಡೆಕ್ಸ್ ಡ್ರಾಪ್ ಆಗಿ ಅದು ತಾನಾಗಿಯೇ ಆಟೋಬೈಂಡ್ ಆಗಿದೆ. ಎಸ್‌ಕ್ಯೂಎಲ್ ಅದೇ, ಆಕ್ಸೆಸ್ ಪಾತ್ ಮಾತ್ರ ಬೇರೆ. ದಿನಾಂಕ ಹಳೆಯದೇ ಆಗಿದ್ದರೆ ಪಾತ್ ಬದಲಾಗಿಲ್ಲ. ಡೇಟಾ ಬೆಳೆದಿದೆ, ಅಥವಾ ಅಸ್ತವ್ಯಸ್ತವಾಗಿದೆ. ಸ್ಟಾಟಿಕ್ ಎಸ್‌ಕ್ಯೂಎಲ್‌ಗೆ ರನ್‌ಸ್ಟಾಟ್ಸ್ (ಟೇಬಲ್‌ನ ಅಂಕಿಅಂಶ ಸಂಗ್ರಹಿಸುವ ಯುಟಿಲಿಟಿ) ಓಡಿಸಿದ ಮಾತ್ರಕ್ಕೆ ಪಾತ್ ಬದಲಾಗುವುದಿಲ್ಲ, ರೀಬೈಂಡ್ ಆಗಬೇಕು. "ರನ್‌ಸ್ಟಾಟ್ಸ್ ಮಾಡಿದ್ದೇವೆ, ಆದರೂ ಸರಿಹೋಗಲಿಲ್ಲ" ಎಂಬ ಮಾತಿನ ಹಿಂದೆ ಇರುವುದು ಹೆಚ್ಚಾಗಿ ಇದೇ.

ಎರಡನೆಯ ಹೆಜ್ಜೆ ಎಕ್ಸ್‌ಪ್ಲೇನ್, ಅಂದರೆ ಆರಿಸಿದ ಪಾತ್ ತೋರಿಸುವ ಆದೇಶ. ಪ್ಲಾನ್ ಟೇಬಲ್‌ನಲ್ಲಿ ಆಕ್ಸೆಸ್‌ಟೈಪ್ ಕಾಲಂ 'ಆರ್' ಎಂದಿದ್ದರೆ ಟೇಬಲ್‌ಸ್ಪೇಸ್ ಸ್ಕ್ಯಾನ್. 'ಐ' ಎಂದಿದ್ದರೂ ಸಮಾಧಾನಪಡಬೇಡಿ, ಪಕ್ಕದ ಮ್ಯಾಚ್‌ಕೋಲ್ಸ್ 0 ಇದ್ದರೆ ಇಡೀ ಇಂಡೆಕ್ಸ್ ಓದುತ್ತಿದೆ ಎಂದೇ ಅರ್ಥ. ಟಿಎಸ್‌ಲಾಕ್‌ಮೋಡ್ ಕಾಲಂ ಕೂಡ ನೋಡಿ. ಪ್ಯಾಕೇಜ್ ಆರ್‌ಆರ್ (ಅತ್ಯಂತ ಬಿಗಿಯಾದ) ಐಸೊಲೇಷನ್‌ನಲ್ಲಿ ಬೈಂಡ್ ಆಗಿ ಪಾತ್ ಸ್ಕ್ಯಾನ್ ಆಗಿದ್ದರೆ ಡಿಬಿ2 ಬೈಂಡ್ ಹೊತ್ತಿಗೇ ಇಡೀ ಟೇಬಲ್ ಮಟ್ಟದ ಲಾಕ್ ಆರಿಸಿಕೊಂಡಿರಬಹುದು. ಸ್ಕ್ಯಾನ್‌ಗೂ ಲಾಕ್‌ಗೂ ಇನ್ನೊಂದು ನೇರ ನಂಟಿದೆ. ಇಂಡೆಕ್ಸ್‌ನಿಂದ ಹೋಗುವ ಕ್ವೆರಿ ತನಗೆ ಬೇಕಾದ ಪೇಜ್‌ಗಳನ್ನು ಮಾತ್ರ ಮುಟ್ಟುತ್ತದೆ. ಸ್ಕ್ಯಾನ್ ಪ್ರತಿ ಪೇಜ್‌ಗೂ ಹೋಗುತ್ತದೆ, ದಾರಿಯಲ್ಲಿ ಯಾರು ಏನೇ ಹಿಡಿದಿದ್ದರೂ ಅವರಿಗೆ ಡಿಕ್ಕಿ ಹೊಡೆಯುತ್ತದೆ.

ನಿಮ್ಮ ಕ್ವೆರಿ "ಸ್ಥಿತಿ ಕಾಲಂ ಬಾಕಿ ಎಂದಿರುವ ಸಾಲುಗಳು" ಎಂಬ ಮಾದರಿಯದು ಎಂದು ಊಹಿಸುತ್ತೇನೆ. ಇಂಥ ಕಾಲಂನಲ್ಲಿ ನಾಲ್ಕೇ ಮೌಲ್ಯಗಳಿದ್ದು, ನೀವು ಹೋಸ್ಟ್ ವೇರಿಯಬಲ್ (ಓಡುವಾಗ ಪ್ರೋಗ್ರಾಮ್‌ನಿಂದ ಬರುವ ಮೌಲ್ಯ) ಬಳಸಿದ್ದರೆ, ಬೈಂಡ್ ಹೊತ್ತಿನಲ್ಲಿ ಪಾತ್ ಆರಿಸುವ ಆಪ್ಟಿಮೈಜರ್‌ಗೆ ಯಾವ ಮೌಲ್ಯ ಬರುತ್ತದೆ ಎಂದು ಗೊತ್ತಿರುವುದಿಲ್ಲ. ಟೇಬಲ್‌ನ ಕಾಲು ಭಾಗ ಬರುತ್ತದೆ ಎಂದು ಲೆಕ್ಕ ಹಾಕುತ್ತದೆ, ಸ್ಕ್ಯಾನ್ ಆರಿಸುತ್ತದೆ. ನಿಜವಾಗಿ ಬಾಕಿ ಇರುವುದು ಇಡೀ ಟೇಬಲ್‌ನ ಒಂದು ಚೂರು. ಆ ಜಾಗದಲ್ಲಿ ಮೌಲ್ಯವನ್ನೇ ನೇರವಾಗಿ ಬರೆದು, ಆ ಕಾಲಂಗೆ ಫ್ರೀಕ್ವೆನ್ಸಿ ಅಂಕಿಅಂಶ ಸಿಗುವಂತೆ ರನ್‌ಸ್ಟಾಟ್ಸ್ ಓಡಿಸಿದರೆ ಲೆಕ್ಕ ಸರಿಹೋಗುತ್ತದೆ. ರನ್‌ಸ್ಟಾಟ್ಸ್ ಓಡುವ ಹೊತ್ತು ಕೂಡ ಇಲ್ಲಿ ಮುಖ್ಯ. ಬ್ಯಾಚ್ ಮುಗಿದು ಬಾಕಿ ಸಾಲುಗಳೆಲ್ಲ ಖಾಲಿಯಾದ ಮೇಲೆ ಓಡಿಸಿದರೆ ಆಪ್ಟಿಮೈಜರ್ ನೋಡುವುದು ಬೆಳಗಿನ ಚಿತ್ರವನ್ನು, ಕೆಲಸ ನಡೆಯುವುದು ರಾತ್ರಿಯ ಡೇಟಾ ಮೇಲೆ.

ಅದೇ ಕರ್ಸರ್ ಸ್ಥಿತಿ ಕಾಲಂ ಅನ್ನೇ ಅಪ್‌ಡೇಟ್ ಮಾಡುತ್ತಿದ್ದರೆ ಇನ್ನೊಂದು ಸಂಗತಿ. ಬದಲಾದ ಸಾಲು ಇಂಡೆಕ್ಸ್‌ನಲ್ಲಿ ಮುಂದಕ್ಕೆ ಸರಿದು ಮತ್ತೆ ಎದುರಾಗಬಾರದು ಎಂಬ ಕಾರಣಕ್ಕೆ ಡಿಬಿ2 ಆ ಇಂಡೆಕ್ಸ್ ಬಳಸಲು ಹಿಂಜರಿಯುತ್ತದೆ, ಬಳಸಿದರೂ ಲಿಸ್ಟ್ ಪ್ರಿಫೆಚ್ (ಸಾಲುಗಳ ವಿಳಾಸ ಮೊದಲೇ ಪಟ್ಟಿ ಮಾಡಿಕೊಂಡು ಓದುವುದು) ಮೊರೆ ಹೋಗುತ್ತದೆ. ಓದುವ ಕರ್ಸರ್ ಬೇರೆ, ಪ್ರೈಮರಿ ಕೀ ಹಿಡಿದು ಮಾಡುವ ಅಪ್‌ಡೇಟ್ ಬೇರೆ ಎಂದು ಒಡೆದರೆ ಇದು ತಪ್ಪುತ್ತದೆ. ಆದರೆ ಓದಿದ್ದಕ್ಕೂ ಬರೆಯುವುದಕ್ಕೂ ನಡುವೆ ಬೇರೆಯವರು ಆ ಸಾಲನ್ನು ಬದಲಾಯಿಸಬಹುದಲ್ಲ. ಆದ್ದರಿಂದ ಅಪ್‌ಡೇಟ್‌ನ ಷರತ್ತಿನಲ್ಲಿ ಹಳೆಯ ಸ್ಥಿತಿಯನ್ನೂ ಸೇರಿಸಿ, ಎಷ್ಟು ಸಾಲು ಬದಲಾಯಿತು ಎಂದು ನೋಡಿಕೊಳ್ಳಿ.

ಕಾಲಂ ಮೇಲೆಯೇ ಲೆಕ್ಕ ಮಾಡುವ ಷರತ್ತುಗಳನ್ನು ತಪ್ಪಿಸಿ. "ಮೊತ್ತಕ್ಕೆ 100 ಕೂಡಿಸಿದರೆ ಹೋಸ್ಟ್ ವೇರಿಯಬಲ್‌ಗಿಂತ ದೊಡ್ಡದು" ಎಂದು ಬರೆದರೆ ಇಂಡೆಕ್ಸ್ ಹಿಡಿಯುವುದಿಲ್ಲ, ಆ 100 ಅನ್ನು ಆಚೆ ಬದಿಗೆ ಕಳಿಸಿದರೆ ಹಿಡಿಯುತ್ತದೆ. ದಿನಾಂಕದ ಮೇಲೆ ವರ್ಷ ತೆಗೆಯುವಂಥ ಕೆಲವು ಫಂಕ್ಷನ್‌ಗಳನ್ನು ಡಿಬಿ2 11ರಿಂದ ಆಪ್ಟಿಮೈಜರ್ ತಾನೇ ತಿದ್ದಿ ಬರೆದುಕೊಳ್ಳುತ್ತದೆ. ಹಾಗಂತ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ಬೇಡ. ಫಾರಿನ್ ಕೀ ಇರುವ ಮಕ್ಕಳ ಟೇಬಲ್‌ಗಳಲ್ಲಿ ಆ ಕಾಲಂಗೆ ಇಂಡೆಕ್ಸ್ ಇದೆಯೇ ಎಂದೂ ನೋಡಿ. ಡಿಬಿ2 ಅದನ್ನು ತಾನಾಗಿ ಮಾಡಿಕೊಡುವುದಿಲ್ಲ. ಇಲ್ಲದಿದ್ದರೆ ತಾಯಿ ಟೇಬಲ್‌ನ ಒಂದು ಸಾಲು ಅಳಿಸಲು ಮಕ್ಕಳ ಟೇಬಲ್ ಪೂರ್ತಿ ಓದಬೇಕಾಗುತ್ತದೆ.

ರೀಬೈಂಡ್ ಮಾಡುವ ಮುಂಚೆ ಎಕ್ಸ್‌ಪ್ಲೇನ್ ಓನ್ಲಿ ಆಯ್ಕೆ ಬಳಸಿ. ಪ್ಯಾಕೇಜ್ ಮುಟ್ಟದೆ ಹೊಸ ಪಾತ್ ಏನಾಗಬಹುದು ಎಂದು ತೋರಿಸುತ್ತದೆ. ಮಾಡಿದ ಮೇಲೆ ಇನ್ನೂ ಕೆಟ್ಟರೆ ಸ್ವಿಚ್ ಪ್ರೀವಿಯಸ್ ಕೊಟ್ಟು ಹಳೆಯ ಪ್ರತಿಗೆ ಮರಳಬಹುದು, ಪ್ಲಾನ್‌ಮ್ಯಾನೇಜ್‌ಮೆಂಟ್ ಆಫ್ ಆಗಿರಬಾರದು ಅಷ್ಟೆ. ನೆನಪಿಡಿ, ಎರಡು ಸಲ ರೀಬೈಂಡ್ ಆಗಿದ್ದರೆ ಪ್ರೀವಿಯಸ್ ಪ್ರತಿಯೂ ಕೆಟ್ಟದ್ದೇ ಆಗಿರಬಹುದು. ಆಗ ಒರಿಜಿನಲ್ ಪ್ರತಿ ಇದೆಯೇ ನೋಡಬೇಕು.

ಡೆಡ್‌ಲಾಕ್ ಬೇರೆ ಜಾತಿ

00ಸಿ90088 ಬಂದರೆ ಇಬ್ಬರು ಪರಸ್ಪರ ಕಾಯುತ್ತಿದ್ದರು. ಇಲ್ಲಿ ಯಾರೂ ಹೆಚ್ಚು ಹೊತ್ತು ಹಿಡಿದಿರಬೇಕಿಲ್ಲ, ತಪ್ಪು ಕ್ರಮದಲ್ಲಿ ಹಿಡಿದರೆ ಸಾಕು. ಒಂದು ಪ್ರೋಗ್ರಾಮ್ ಖಾತೆ ಮುಟ್ಟಿ ಆಮೇಲೆ ಲೆಡ್ಜರ್‌ಗೆ ಹೋಗುತ್ತದೆ, ಇನ್ನೊಂದು ಲೆಡ್ಜರ್‌ನಿಂದ ಖಾತೆಗೆ ಬರುತ್ತದೆ. ಎಲ್ಲ ಪ್ರೋಗ್ರಾಮ್‌ಗಳಿಗೂ ಒಂದೇ ಕ್ರಮ ಇಡುವುದು ಇದಕ್ಕೆ ಪರಿಹಾರ. ಪೇಜ್ ಲಾಕಿಂಗ್ ಇರುವಾಗ ಸಂಬಂಧವೇ ಇಲ್ಲದ ಎರಡು ಖಾತೆಗಳು ಒಂದೇ ಪೇಜ್‌ನಲ್ಲಿದ್ದರೂ ಡೆಡ್‌ಲಾಕ್ ಆದೀತು.

ಇನ್ನೊಂದು ಬಗೆ ಕೋಡ್ ನೋಡಿದರೆ ಕಾಣುವುದೇ ಇಲ್ಲ. ಇಬ್ಬರೂ ಒಂದೇ ಸಾಲನ್ನು ಎಸ್ ಲಾಕ್ (ಓದುವವರು ಹಂಚಿಕೊಳ್ಳುವ ಲಾಕ್) ಹಿಡಿದು ಓದುತ್ತಾರೆ, ಇಬ್ಬರೂ ಅದನ್ನು ಬದಲಾಯಿಸಲು ಎಕ್ಸ್ ಕೇಳುತ್ತಾರೆ. ಒಬ್ಬರು ಬಿಟ್ಟರೆ ಇನ್ನೊಬ್ಬರಿಗೆ, ಆದರೆ ಯಾರೂ ಬಿಡುವುದಿಲ್ಲ. ಓದುವಾಗಲೇ ಕರ್ಸರ್‌ಗೆ ಫಾರ್ ಅಪ್‌ಡೇಟ್ ಆಫ್ ಕೊಟ್ಟರೆ ಯು ಲಾಕ್ ಬೀಳುತ್ತದೆ. ಯು ಇರುವ ಕಡೆ ಎರಡನೆಯ ಯು ಬರಲಾಗದು, ಸರದಿ ತಾನಾಗಿ ನಿಲ್ಲುತ್ತದೆ.

ಆನ್‌ಲೈನ್ ಪ್ರೋಗ್ರಾಮ್‌ನಲ್ಲಿ -911 ಬಂದ ಮೇಲೆ ಏನು ಮಾಡುತ್ತೀರಿ ಎಂಬುದನ್ನೂ ಒಮ್ಮೆ ತೆಗೆದು ನೋಡಿ. -911 ಅಂದರೆ ರೋಲ್‌ಬ್ಯಾಕ್ ಆಗಿಹೋಗಿದೆ. ಬಿದ್ದ ಆ ಒಂದು ಸ್ಟೇಟ್‌ಮೆಂಟ್ ಅನ್ನೇ ಮತ್ತೆ ಓಡಿಸಿ ಮುಂದೆ ಹೋದರೆ ಅದಕ್ಕೂ ಮುಂಚೆ ಮಾಡಿದ ಅಪ್‌ಡೇಟ್‌ಗಳು ಮಾಯ. ಡೆಬಿಟ್ ಇಲ್ಲದ ಕ್ರೆಡಿಟ್ ಹುಟ್ಟುವುದು ಹೀಗೆ. ಮರುಪ್ರಯತ್ನ ಮಾಡುವುದಾದರೆ ಕೆಲಸದ ಘಟಕವನ್ನು ಮೊದಲಿನಿಂದ ಶುರು ಮಾಡಬೇಕು, ಅದೂ ಒಂದೆರಡು ಸಲ ಮಾತ್ರ. -913 ಬಂದರೆ ರೋಲ್‌ಬ್ಯಾಕ್ ಆಗಿಲ್ಲ, ನಿಮ್ಮ ಹಳೆಯ ಲಾಕ್‌ಗಳು ಇನ್ನೂ ನಿಮ್ಮ ಕೈಯಲ್ಲಿವೆ, ನಿರ್ಧಾರ ನಿಮ್ಮದು. ಸಿಐಸಿಎಸ್‌ನಲ್ಲಿ ಎರಡರಲ್ಲಿ ಯಾವುದು ಬರಬೇಕು ಎನ್ನುವುದು ಡಿರೋಲ್‌ಬ್ಯಾಕ್ ಎಂಬ ಸೆಟ್ಟಿಂಗ್ ಮೇಲೆ ನಿಂತಿದೆ.

ಈಗ ಆ ಮೂರು ಸಲಹೆಗಳು

ಟೈಮ್‌ಔಟ್ ಮಿತಿ ಐಆರ್‌ಎಲ್‌ಎಂಆರ್‌ಡಬ್ಲ್ಯುಟಿ ಎಂಬ ಝಡ್‌ಪಾರ್ಮ್‌ನಲ್ಲಿದೆ. ಈಚಿನ ಆವೃತ್ತಿಗಳಲ್ಲಿ ಡೀಫಾಲ್ಟ್ 30 ಸೆಕೆಂಡ್. ಎರಡು ಗಂಟೆ ಹಿಡಿದಿರುವ ಲಾಕ್‌ಗಾಗಿ 30 ಸೆಕೆಂಡ್ ಕಾಯುವುದನ್ನು 90 ಮಾಡಿದರೆ ಸಿಗುವುದೇನು? ಕಾಯುವ ಸಿಐಸಿಎಸ್ ಟಾಸ್ಕ್‌ಗಳು ಥ್ರೆಡ್ ಹಿಡಿದುಕೊಂಡು ರಾಶಿ ಬೀಳುತ್ತವೆ, ಕೊನೆಗೆ ಈ ಟೇಬಲ್‌ಗೆ ಸಂಬಂಧವಿಲ್ಲದವರಿಗೂ ಥ್ರೆಡ್ ಸಿಗುವುದಿಲ್ಲ. ಡಿಬಿ2 13 ಇದ್ದರೆ ಕರೆಂಟ್ ಲಾಕ್ ಟೈಮ್‌ಔಟ್ ಎಂಬ ಸ್ಪೆಷಲ್ ರಿಜಿಸ್ಟರ್ ಇದೆ, ಒಂದೊಂದು ಅಪ್ಲಿಕೇಷನ್‌ಗೂ ಬೇರೆ ಬೇರೆ ಅವಧಿ ಇಡಬಹುದು. ನನ್ನನ್ನು ಕೇಳಿದರೆ ಆನ್‌ಲೈನ್‌ಗೆ ಅದನ್ನು ಇಳಿಸುವುದೇ ಒಳ್ಳೆಯದು.

ವಿತ್ ಯುಆರ್ ಅಂದರೆ ಇನ್ನೂ ಕಮಿಟ್ ಆಗದ ಡೇಟಾ ಓದುವುದು. ಅದು ಆಮೇಲೆ ರೋಲ್‌ಬ್ಯಾಕ್ ಆಗಬಹುದು, ಅಂದರೆ ಎಂದೂ ಇರದಿದ್ದ ಬಾಕಿಯನ್ನು ನೀವು ಓದಿರುತ್ತೀರಿ. ಅಂದಾಜು ಎಣಿಕೆಗೆ, ಪ್ರವೃತ್ತಿ ನೋಡುವ ರಿಪೋರ್ಟ್‌ಗೆ ಅಡ್ಡಿಯಿಲ್ಲ. ಓದಿದ ಸಂಖ್ಯೆಯ ಮೇಲೆ ಹಣದ ನಿರ್ಧಾರ ಆಗುವ ಕಡೆ ಬೇಡ. ಅಪ್‌ಡೇಟ್‌ಗೆ ಅಂತೂ ಅದು ಅನ್ವಯಿಸುವುದೇ ಇಲ್ಲ, ಅಲ್ಲಿ ಡಿಬಿ2 ಸಿಎಸ್ ನಿಯಮವನ್ನೇ ಬಳಸುತ್ತದೆ. "ಕೊನೆಯ ಕಮಿಟ್ ಆದ ಪ್ರತಿ ಕೊಡು" ಎಂದು ಹೇಳುವ ಕರೆಂಟ್ಲಿ ಕಮಿಟೆಡ್ ಬಗ್ಗೆ ಯಾರಾದರೂ ಹೇಳಿಯಾರು. ಲಿನಕ್ಸ್, ಯುನಿಕ್ಸ್ ಡಿಬಿ2ನಲ್ಲಿ ಅದು ಅಪ್‌ಡೇಟ್‌ಗಳಿಗೂ ಕೆಲಸ ಮಾಡುತ್ತದೆ. ಝಡ್‌ಓಎಸ್‌ನಲ್ಲಿ ಕಮಿಟ್ ಆಗದ ಇನ್ಸರ್ಟ್ ಮತ್ತು ಡಿಲೀಟ್‌ಗಳಿಗೆ ಮಾತ್ರ. ನಿಮ್ಮ ಜಾಬ್ ಮಾಡುವುದು ಅಪ್‌ಡೇಟ್.

ರೋ ಲಾಕಿಂಗ್ ಚಿಕ್ಕ, ಬಿಸಿ ಟೇಬಲ್‌ಗಳಿಗೆ ಸರಿ. "ಮುಂದಿನ ಸಂಖ್ಯೆ" ಇಟ್ಟುಕೊಂಡ ಕಂಟ್ರೋಲ್ ಟೇಬಲ್‌ನಲ್ಲಿ ಹತ್ತು ಸಾಲು ಒಂದೇ ಪೇಜ್‌ನಲ್ಲಿ ಕೂತಿದ್ದರೆ ರೋ ಲಾಕ್ ಅಥವಾ ಮ್ಯಾಕ್ಸ್‌ರೋಸ್ 1 (ಪೇಜ್‌ಗೆ ಒಂದೇ ಸಾಲು) ಎರಡೂ ಉಪಯೋಗಕ್ಕೆ ಬರುತ್ತವೆ. ಸಂಖ್ಯೆಗಳ ನಡುವೆ ಖಾಲಿ ಬಿದ್ದರೆ ಪರವಾಗಿಲ್ಲ ಎಂದಾದರೆ ಸೀಕ್ವೆನ್ಸ್ ಇನ್ನೂ ಒಳ್ಳೆಯದು. ನಿಮ್ಮ ಖಾತೆ ಟೇಬಲ್‌ಗೆ ಮಾತ್ರ ಬೇಡ. ಒಂದು ಪೇಜ್‌ಗೆ ಒಂದಿದ್ದ ಲಾಕ್ ಸಾಲಿಗೊಂದಾಗುತ್ತದೆ, ಕಮಿಟ್ ಇಲ್ಲದ ಜಾಬ್ ಅಷ್ಟೇ ಬೇಗ -904 ಮುಟ್ಟುತ್ತದೆ. ಡೇಟಾ ಶೇರಿಂಗ್ ಇದ್ದರೆ ಮೆಂಬರ್‌ಗಳ ನಡುವೆ ಅದೇ ಪೇಜ್‌ಗಾಗಿ ಪಿ-ಲಾಕ್ ಎಳೆದಾಟ ಬೇರೆ.

ರೀಆರ್ಗ್ ವಿಷಯ. ವಿತ್ ಯುಆರ್ ಹಾಕಿದವರು ಪೇಜ್ ಲಾಕ್ ಹಿಡಿಯುವುದಿಲ್ಲ, ಆದರೆ ಕ್ಲೇಮ್ ಹಿಡಿಯುತ್ತಾರೆ. "ನಾನು ಈ ಟೇಬಲ್‌ಸ್ಪೇಸ್ ಬಳಸುತ್ತಿದ್ದೇನೆ" ಎಂಬ ನೋಂದಣಿ ಅದು. ಕಮಿಟ್ ಆದಾಗ ಹೋಗುತ್ತದೆ. ಶೇರ್‌ಲೆವೆಲ್ ಚೇಂಜ್ ರೀಆರ್ಗ್ ಕೊನೆಯಲ್ಲಿ ಹಳೆಯ ಡೇಟಾಸೆಟ್ ಬಿಟ್ಟು ಹೊಸದಕ್ಕೆ ಸ್ವಿಚ್ ಆಗಲು ಎಲ್ಲರನ್ನೂ ಡ್ರೈನ್ ಮಾಡಬೇಕು, ಅಂದರೆ ಎಲ್ಲ ಕ್ಲೇಮ್‌ಗಳೂ ಬಿಡುಗಡೆಯಾಗಬೇಕು. ನಿಮ್ಮ ರಿಪೋರ್ಟ್ ಬರೀ ಓದುವ ಪ್ರೋಗ್ರಾಮ್, ಕಮಿಟ್ ಯಾಕೆ ಎಂದು ಯಾರೂ ಹಾಕಿಲ್ಲ. ಅದಕ್ಕಾಗಿ ರೀಆರ್ಗ್ ಕಾದು ಕಾದು ಸೋಲುತ್ತದೆ. ಡಿಎಸ್‌ಎನ್‌ಬಿ260ಐ ಎಂಬ ಸಂದೇಶ ಇಂಥ ದೀರ್ಘ ಓದುಗರನ್ನು ತೋರಿಸುತ್ತದೆ, ಡಿಸ್‌ಪ್ಲೇ ಡೇಟಾಬೇಸ್‌ಗೆ ಕ್ಲೇಮರ್ಸ್ ಆಯ್ಕೆ ಕೊಟ್ಟರೂ ಕಾಣುತ್ತದೆ. ರಿಪೋರ್ಟ್‌ಗೂ ನಡುನಡುವೆ ಕಮಿಟ್ ಹಾಕಿ, ಅಥವಾ ಎರಡರ ಹೊತ್ತು ಬೇರೆ ಮಾಡಿ. ಡ್ರೈನ್‌ವೇಟ್, ರೀಟ್ರೈ ಸರಿಹೊಂದಿಸಿದರೆ ಸ್ವಲ್ಪ ಅನುಕೂಲ. ಫೋರ್ಸ್ ಆಯ್ಕೆ ಅಡ್ಡ ಇರುವ ಥ್ರೆಡ್ ಅನ್ನೇ ಕೊಲ್ಲುತ್ತದೆ, ರಿಪೋರ್ಟ್ ಮತ್ತೆ ಓಡಿಸಲು ತೊಂದರೆ ಇಲ್ಲ ಎಂದು ಅದರ ಮಾಲೀಕರು ಒಪ್ಪಿದರೆ ಮಾತ್ರ ಬಳಸಿ.

ಕೆಲಸದ ಕ್ರಮ ಹೇಳುವುದಾದರೆ, ಎಂಎಸ್‌ಟಿಆರ್ ಲಾಗ್ ಮತ್ತು ಬೈಂಡ್‌ಟೈಮ್ ಇವತ್ತೇ ನೋಡಬಹುದು. ಹಳೆಯ ಪಾತ್ ಮರಳಿ ಬಂದರೆ ಎರಡು ಗಂಟೆ ಮತ್ತೆ ಇಪ್ಪತ್ತು ನಿಮಿಷಕ್ಕೆ ಇಳಿದು ತಕ್ಷಣದ ಒತ್ತಡ ಕಡಿಮೆಯಾಗುತ್ತದೆ. ಕಮಿಟ್ ಮತ್ತು ರೀಸ್ಟಾರ್ಟ್ ಬದಲಾವಣೆಗೆ ಮಾತ್ರ ಸಮಯ ಕೇಳಿ ತೆಗೆದುಕೊಳ್ಳಿ, ಯಾರು ಅವಸರ ಮಾಡಿದರೂ ಕೊಡಬೇಡಿ. ಟೆಸ್ಟ್‌ನಲ್ಲಿ ಜಾಬ್ ಪೂರ್ತಿ ಓಡಿ ಮುಗಿದರೆ ಏನೂ ಸಾಬೀತಾಗುವುದಿಲ್ಲ. ಅರ್ಧ ದಾರಿಯಲ್ಲಿ ಕ್ಯಾನ್ಸಲ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಬೇರೆ ಕಡೆ ಕ್ಯಾನ್ಸಲ್ ಮಾಡಿ, ಕೊನೆಗೆ ಒಟ್ಟು ಮೊತ್ತವನ್ನೂ ಫ್ಲಾಟ್ ಫೈಲ್‌ನ ಸಾಲುಗಳನ್ನೂ ಒಂದೇ ಓಟದಲ್ಲಿ ಮುಗಿದ ಜಾಬ್‌ನ ಲೆಕ್ಕಕ್ಕೆ ತಾಳೆ ನೋಡಿ.